ಸಿಂಕಿನಲ್ಲಿ ಗುಲಾಬಿ ಬೇರು

ಗುಲಾಬಿ ಬಣ್ಣ, ಪಾಲಕ್ ಕಟ್ಟಿನ ಬುಡದಲ್ಲಿ ಇದೇನು ಗುಲಾಬಿ, ಅಯ್ಯೋ ಬೇರು, ಬೇರುಸಮೇತ ಕಿತ್ತು ತಂದಿದ್ದಾರೆ ಭಾವ, ಮಣ್ಣು ಸಿಂಕಿನಲ್ಲಿ ಉದುರುತ್ತಿದೆ, ಅಕ್ಕ ಇದ್ದಿದ್ದರೆ ದೊಡ್ಡ ರಂಪವೇ ಆಗುತ್ತಿತ್ತು — ಅವಳು ಎಂದೂ ಕೀಳಲಿಲ್ಲ, ಹೊರಗಿನ ಎಲೆಗಳನ್ನಷ್ಟೇ ಕತ್ತರಿಸುವಳು, ನಡುವಿನ ಸುಳಿ ಮುಟ್ಟಬೇಡ ಕಣೇ, ಸುಳಿ ಇದ್ರೆ ಮತ್ತೆ ಬರುತ್ತೆ, ಬಾಲ್ಕನಿಯ ಒಡಕು ಟಬ್ಬಿನಲ್ಲಿ ವಾರ ವಾರವೂ ಬರುತ್ತಿತ್ತು, ಆ ಟಬ್ಬನ್ನು ಇವತ್ತು ನನ್ನ ಮನೆಗೆ ಒಯ್ಯೋಣ ಎಂದೇ ಬಂದೆ, ಅವಳ ಕೈಯದು ಇದೊಂದಾದರೂ ಚಿಗುರುತ್ತಿರಲಿ ಎಂದು, ಬಾಗಿಲು ತೆಗೆದವರೇ ಭಾವ, ನಿನಗೇ ಅಂತ ಎಲ್ಲಾ ಕಿತ್ತಿಟ್ಟೆ ನೋಡು, ನಿಮ್ಮಕ್ಕನ ಸೊಪ್ಪು. ಮತ್ತೆ ನೆಟ್ಟರೆ? ಇಲ್ಲ, ಎಳೆಯದು ರುಚಿ ಎಂದು ಸುಳಿಯನ್ನೂ ಒಂದೊಂದಾಗಿ ಚಿವುಟಿ ಬೇರೆ ಇಟ್ಟಿದ್ದಾರೆ ಪುಣ್ಯಾತ್ಮ, ಅವರ ಉಗುರಿನಲ್ಲಿ ಮಣ್ಣು, ಶರ್ಟಿನ ಗುಂಡಿ ಒಂದರ ಕಾಜಕ್ಕೆ ಇನ್ನೊಂದು ಹಾಕಿಕೊಂಡಿದ್ದಾರೆ, ಏನೆಂದು ಬೈಯಲಿ. ಫ್ರಿಜ್ಜಿನಲ್ಲಿ ಅವಳು ಸೊಪ್ಪು ಸುತ್ತುತ್ತಿದ್ದ ಬಟ್ಟೆ, ತೊಳೆದು ಇಟ್ರೆ ಕೊಳೆಯುತ್ತೆ, ಒಣದಾಗೇ ಸುತ್ತಿಡು, ನಿನ್ನ ತಲೇಲಿ ಏನಿದೆಯೇ — ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅವಳೇ ಮಡಿಸಿಟ್ಟದ್ದು, ಇನ್ನೂ ಮಡಿಕೆ ಕೆಟ್ಟಿಲ್ಲ, ಮುಟ್ಟಲಾರೆ. ಬೆಳ್ಳುಳ್ಳಿ ಕೆಂಪಾಯಿತು, ಸೊಪ್ಪು ಬಾಣಲೆಯಿಂದ ಹೊರಚೆಲ್ಲುವಷ್ಟಿತ್ತು, ಈಗ ನೋಡಿದರೆ ಒಂದು ಹಿಡಿ, ಪಾಲಕ್ ಅಂದ್ರೆ ನಿಮ್ಮ ಭಾವನ ಮಾತಿದ್ದ ಹಾಗೆ, ಹಸೀಲಿ ಬುಟ್ಟಿ ತುಂಬ, ಬೆಂದ ಮೇಲೆ ಹಿಡಿಯಷ್ಟು, ಭಾವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು, ಕೊನೆಗೆ ಅವಳೂ ಅಷ್ಟೇ ಆಗಿದ್ದಳಲ್ಲ, ಅಷ್ಟು ದೊಡ್ಡ ಹಾಸಿಗೆಯಲ್ಲಿ ಹಿಡಿಯಷ್ಟು, ನನಗೆ ಬೇಕು ನನ್ನ ಅಕ್ಕ, ಬೈಯುವುದಕ್ಕಾದರೂ ಬೇಕು — ಬಡಿಸಿದೆ, ಭಾವ ಮೆಲ್ಲಗೆ ಅಗಿಯುತ್ತಿದ್ದಾರೆ, ಥೇಟ್ ಅವಳ ಕೈರುಚಿನೇ, ಅಂತಾರೆ, ಸುಳ್ಳು, ಉಪ್ಪು ಹಾಕಿದ ನೆನಪೇ ನನಗಿಲ್ಲ, ಟಬ್ಬಿಗೆ ಆಗಲೇ ನೀರು ಹಾಕಿದ್ದೀನಿ ಕಣಮ್ಮ, ದಿನಾ ಹಾಕ್ತೀನಿ, ಮುಂದಿನ ವಾರಕ್ಕೆ ಮತ್ತೆ ಬಂದಿರುತ್ತೆ ಅಲ್ವಾ, ಅವಳಿಗೆ ಬರ್ತಿತ್ತಲ್ಲ — ಬರುತ್ತೆ ಭಾವ, ಅಂದೆ, ಅಂದುಬಿಟ್ಟೆ, ಬಾಲ್ಕನಿಯಲ್ಲಿ ಬರೀ ಮಣ್ಣು, ನೀರು ಕುಡಿಯುತ್ತಾ, ಕಾಯುತ್ತಾ, ಬರುತ್ತೆ ಭಾವ, ಸಿಂಕಿನ ಕಡೆ ನೋಡಬಾರದು, ಅಲ್ಲಿ ಬೇರು, ತೊಳೆದು ಶುಭ್ರವಾದ ಬೇರು, ಗುಲಾಬಿ —