ಹಳ್ಳದ ಫೋನು

ಸುವರ್ಣಾ ಸೊಸೆಯಾಗಿ ಬಂದ ಮರುದಿನ ಅತ್ತೆ ಸಿದ್ದವ್ವ ಅವಳಿಗೆ ಮೊದಲು ತೋರಿಸಿದ್ದು ಪಡಸಾಲೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಕೆಂಪು ಫೋನನ್ನು. ಅಡುಗೆಮನೆ, ದೇವರ ಜಗಲಿ ಎಲ್ಲ ಆಮೇಲೆ. "ಇದು ಮೂರು ಸಲ ಬಡಕೊಂಡು ತಾನ ಸುಮ್ಮನಾತಂದ್ರ ಎತ್ತಾಕ ಹೋಗಬ್ಯಾಡ. ಮಾಳಗಿ ಏರಿ ಜಾಗಟಿ ಬಡಿ," ಎಂದಿದ್ದಳು. ಇದೆಂಥ ಮನೆಗೆ ಬಂದೆನಪ್ಪಾ ಎಂದು ನರೇಗಲ್ಲಿನ ಹುಡುಗಿ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. ಆ ವರ್ಷದ ಮಳೆಗಾಲದಲ್ಲಿ ಹಳ್ಳವನ್ನು ಕಣ್ಣಾರೆ ನೋಡಿದ ಮೇಲೆ ಅವಳ ನಗು ನಿಂತುಹೋಯಿತು.

ನರಗುಂದದಿಂದ ಕೆಳಗೆ, ಬೆಣ್ಣಿಹಳ್ಳದ ದಂಡೆಯ ಮೇಲಿನ ಊರು ಅದು. ಮನೆಗಳೆಲ್ಲ ಈಚೆ ದಂಡೆಗೆ, ಎರೆ ಹೊಲಗಳೆಲ್ಲ ಆಚೆ ದಂಡೆಗೆ. ಹಳ್ಳ ವರ್ಷದ ಬಹುಪಾಲು ದಿನ ಎಮ್ಮೆಯ ಮೈ ತೊಳೆಯುವಷ್ಟು ನೀರಿಟ್ಟುಕೊಂಡು ಏನೂ ಅರಿಯದ ಹಾಗೆ ಮಲಗಿರುತ್ತದೆ. ಆದರೆ ಅದನ್ನು ನಂಬುವಂತಿಲ್ಲ. ಮೇಲೆಲ್ಲೋ ದೊಡ್ಡ ಮಳೆಯಾಯಿತೆಂದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ, ಚಲೋ ಬಿಸಿಲಿನಲ್ಲೇ ಕೆಸರು ನೀರು ನುಗ್ಗಿ ಬಂದು ಆಚೆ ಹೋದವರನ್ನು ಆಚೆಗೇ ಉಳಿಸುತ್ತದೆ. ನಡುವೆ ಸಿಕ್ಕವರನ್ನು ಉಳಿಸುವುದಿಲ್ಲ.

ಅದಕ್ಕೇ ಆ ಫೋನು. ಮೇಲಿನ ಊರಿನಲ್ಲಿ ಹಳ್ಳಕ್ಕೆ ಹತ್ತಿಕೊಂಡೇ ಕಾಶೀಂಸಾಬನ ಹಿಟ್ಟಿನ ಗಿರಣಿ ಇದೆ. ಅವನು ಸುವರ್ಣಾಳ ಮಾವನ ಜೀವದ ಗೆಳೆಯ. ಮಾವ ತೀರಿಕೊಂಡರೂ ಗೆಳೆತನದ ಕೆಲಸ ನಿಂತಿರಲಿಲ್ಲ. ಗಿರಣಿಯ ಹಿಂದಿನ ಕಟ್ಟೆ ಮುಳುಗಿತೆಂದರೆ ಕಾಶೀಂಸಾಬ ತನ್ನ ಲ್ಯಾಂಡ್‌ಲೈನಿನಿಂದ ಈ ಮನೆಗೆ ಫೋನು ಹಚ್ಚಿ, ಮೂರು ಸಲ ರಿಂಗ್ ಕೇಳಿಸಿಕೊಂಡು ಇಟ್ಟುಬಿಡುವನು. ಮಾತಿನ ಗೋಜೇ ಇಲ್ಲ. ಮಳೆಯಲ್ಲಿ ಆ ತಂತಿಯೊಳಗೆ ಮಾತು ಕರಕರ ಎಂದು ಕೆಟ್ಟುಹೋಗುತ್ತಿತ್ತು, ರಿಂಗು ಮಾತ್ರ ಒಮ್ಮೆಯೂ ಕೆಟ್ಟಿರಲಿಲ್ಲ. ಇತ್ತ ಮಾಳಿಗೆಯ ಮೇಲೆ ಜಾಗಟೆ ಬಡಿದರೆ ಆಚೆ ಹೊಲದಲ್ಲಿದ್ದವರು ಕೈಯಲ್ಲಿದ್ದುದನ್ನು ಅಲ್ಲೇ ಚೆಲ್ಲಿ ಈಚೆಗೆ ದಾಟುತ್ತಿದ್ದರು. ನೀರು ಬರುವುದಕ್ಕೆ ಇನ್ನೂ ತಾಸಿನಷ್ಟು ಹೊತ್ತು ಇರುತ್ತಿತ್ತು.

ಈಗ ಎಲ್ಲರ ಕೈಯಲ್ಲೂ ಮೊಬೈಲು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಹಳ್ಳದ ಆಚೆಯ ತಗ್ಗಿನಲ್ಲಿ ಅದಕ್ಕೆ ಸಿಗ್ನಲ್ ಸಿಗುವುದಿಲ್ಲ. ಕೂಲಿಗೆ ಹೋಗುವ ಹೆಂಗಸರಂತೂ ಅದನ್ನು ಮನೆಯಲ್ಲಿ ಮಕ್ಕಳ ಕೈಗೆ ಕೊಟ್ಟು ಬಂದಿರುತ್ತಾರೆ.

ಹಳೆಯ ಲೈನನ್ನು ತೆಗೆಸಿ ಇಂಟರ್ನೆಟ್ ಫೋನು ಹಾಕಿಸೋಣ ಎಂದು ಹಟ ಹಿಡಿದವಳು ಸುವರ್ಣಾನೇ. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಣ್ಣಿನ ದಪ್ಪ ಗೋಡೆಯ ಮನೆಯೊಳಗೆ ಮೊಬೈಲ್ ಹಿಡಿಯುತ್ತಿರಲಿಲ್ಲ. ನರೇಗಲ್ಲಿನ ತವರಿನವರ ಜೊತೆ ಒಂದು ಮಾತಾಡಬೇಕೆಂದರೆ ಬಿಸಿಲಲ್ಲಿ ಮಾಳಿಗೆ ಏರಬೇಕು. ಲ್ಯಾಂಡ್‌ಲೈನಿನಲ್ಲಿ ತಾಯಿಯ ದನಿ ಬಾವಿಯಿಂದ ಬಂದ ಹಾಗೆ ಬರುತ್ತಿತ್ತು. ಗಂಡ ಅಮರೇಶ ನರಗುಂದದ ಪೇಟೆಯಲ್ಲಿ ಕಾಳಿನ ದಲಾಲಿ ಮಾಡುವವನು. ಅವನೂ ತಲೆ ಆಡಿಸಿದ. ನಂಬರು ಬದಲಾಗುವುದಿಲ್ಲ ಎಂದು ಗೊತ್ತಾದ ಮೇಲೆ ಸಿದ್ದವ್ವನೂ ಸುಮ್ಮನಾದಳು. ಅವಳಿಗೆ ಆಗಲೇ ಅರಳುಮರಳು ಶುರುವಾಗಿತ್ತು, ಮೊನ್ನೆಯದು ಮರೆತು ಮದುವೆಯ ದಿನದ್ದು ನೆನಪಿರುತ್ತಿತ್ತು.

ಇಂಟರ್ನೆಟ್ ಕಂಪನಿಯ ಆಶಿಕ ಎಂಬ ಹುಡುಗ ಬಂದು ದಾರದಂಥ ವಾಯರು ಎಳೆದು, ಟಿವಿಯ ಪಕ್ಕ ಒಂದು ಬಿಳಿ ಡಬ್ಬಿ ಕೂರಿಸಿದ. ಅದರ ಪ್ಲಗ್ಗನ್ನು ಟಿವಿಯದೇ ಬೋರ್ಡಿಗೆ ಹಾಕಿ, ಹಳೇ ಕೆಂಪು ಫೋನಿನ ತಂತಿಯನ್ನೇ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ. ಫೋನು ತನ್ನ ಸ್ಟೂಲಿನ ಮೇಲೆಯೇ, ತನ್ನ ಕಸೂತಿ ವಸ್ತ್ರದ ಕೆಳಗೆಯೇ ಉಳಿಯಿತು. ಅಮರೇಶ ಹಳ್ಳವನ್ನು ಮರೆಯುವವನಲ್ಲ. ಆ ಬೋರ್ಡು ಇನ್ವರ್ಟರಿನ ಲೈನಿನಲ್ಲಿತ್ತು. ಮೇನ್ ಸ್ವಿಚ್ ಇಳಿಸಿ, ಕಾಶೀಂಸಾಬನಿಗೆ ಹಚ್ಚಲು ಹೇಳಿ, ಕರೆಂಟಿಲ್ಲದ ಮನೆಯಲ್ಲಿ ಫೋನು ಬಡಿದುಕೊಂಡಿದ್ದನ್ನು ಎಲ್ಲರೂ ಕೇಳಿದರು. ಹೋಗುವಾಗ ಆಶಿಕ, ಈ ಡಬ್ಬಿಯ ಪ್ಲಗ್ಗು ಮಾತ್ರ ಯಾವತ್ತೂ ತೆಗೆಯಬಾರದು, ಇದರ ಹಸಿರು ದೀಪ ಹೋದರೆ ಫೋನೂ ಹೋದ ಹಾಗೆ ಎಂದು ಹೇಳಿದ. ಹೇಳಿದ್ದು ಮನೆಯ ಯಜಮಾನನಿಗೆ. ಹಗಲೆಲ್ಲ ಮನೆಯಲ್ಲಿರುವ ಸುವರ್ಣಾ ಆಗ ಅಡುಗೆಮನೆಯಲ್ಲಿ ಅವನಿಗೇ ಚಹಾ ಸೋಸುತ್ತಿದ್ದಳು. ಅಮರೇಶ ಆ ಮಾತನ್ನು ಅವಳಿಗೆ ದಾಟಿಸಲಿಲ್ಲ. ಮರೆತನೋ, ಅದೇನು ದೊಡ್ಡ ಮಾತು ಅಂದುಕೊಂಡನೋ, ಅವನಿಗೂ ಈಗ ಗೊತ್ತಿಲ್ಲ.

ತಾಯಿಯ ದನಿ ಪಕ್ಕದಲ್ಲಿ ಕೂತ ಹಾಗೆ ಕೇಳಿದ ದಿನ ಸುವರ್ಣಾಳಿಗೆ ಅಳು ಬಂದಿತ್ತು. ಅಷ್ಟು ಸುಖ ಆ ಡಬ್ಬಿಯಿಂದ ಆಯಿತು ಎಂಬುದನ್ನೂ ಹೇಳಬೇಕು.

ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳು ಬಂದವು. ಆವತ್ತು ಮರಿಯವ್ವನ ಜೊತೆ ಏಳೆಂಟು ಹೆಂಗಸರು ಆಚೆಯ ಹೊಲಕ್ಕೆ ಹೋಗಿದ್ದರು. ಮರಿಯವ್ವ ದ್ಯಾವಪ್ಪನ ಹೆಂಡತಿ. ಗಂಡ ಹೆಂಡಿರಿಬ್ಬರೂ ಈ ಮನೆಯ ಹೊಲದಲ್ಲೇ ದುಡಿಯುವವರು. ಸುವರ್ಣಾಳ ಬಾಣಂತನದಲ್ಲಿ ಎರೆದು, ಕಾಯಿಸಿ, ಬೆನ್ನು ತಿಕ್ಕಿದವಳು ಅವಳೇ. ಬಾಯಿ ಜೋರು, ಕೈ ಮೃದು. ಬೆಳಿಗ್ಗೆ ಹೋಗುವಾಗ ಹಿತ್ತಲ ಬಾಗಿಲಿಗೆ ಬಂದು ಮೆಣಸಿನಕಾಯಿ ಚಟ್ನಿ ಇಸಿದುಕೊಂಡು ಹೋಗಿದ್ದಳು.

ಮಧ್ಯಾಹ್ನ ಊಟದ ಮೇಲೆ ಪಡುವಣದಲ್ಲಿ ಗುಡುಗಿತು. ಇಲ್ಲಿ ಬಿಸಿಲಿತ್ತು. ಸಿಡಿಲಿಗೆ ಅಬ್ಬಿಗೇರಿಯ ನೆಂಟರ ಮನೆಯ ಟಿವಿ ಒಡೆದು ಹೊಗೆ ಬಂದಾಗಿನಿಂದ ಈ ಮನೆಯಲ್ಲಿ ಒಂದು ರೂಢಿ ಇತ್ತು: ಗುಡುಗು ಕೇಳಿದರೆ ಟಿವಿಯ ಬೋರ್ಡಿನಲ್ಲಿರುವ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು. ಫೋನಿಗೆ ಪ್ಲಗ್ಗೇ ಇರಲಿಲ್ಲವಾದ್ದರಿಂದ ಅದು ಎಂದೂ ಈ ರೂಢಿಗೆ ಸಿಕ್ಕಿರಲಿಲ್ಲ. ಸುವರ್ಣಾ ಅಕ್ಕಿ ಆರಿಸುತ್ತಿದ್ದವಳು ಎದ್ದು ಬಂದು, ಸೀರೆಗೆ ಕೈ ಒರೆಸಿಕೊಂಡು, ಇದ್ದ ಪ್ಲಗ್ಗುಗಳನ್ನೆಲ್ಲ ಕಿತ್ತಳು. ಹಸಿರು ದೀಪ ಆರಿತು. ಅವಳು ಅದನ್ನು ನೋಡಲಿಲ್ಲ. ಮತ್ತೆ ಹೋಗಿ ಮೊರದ ಮುಂದೆ ಕೂತಳು.

ಹೊತ್ತು ಇಳಿಯುವಾಗ ಕಿರುಚಾಟ ಕೇಳಿ ಅವಳು ಹೊರಗೆ ಓಡಿದಾಗ ಹಳ್ಳ ಎರಡೂ ದಂಡೆ ತುಂಬಿ ಹೋಗುತ್ತಿತ್ತು. ಹೆಂಗಸರು ಕೆಲಸ ಮುಗಿಸಿ ಸಾಲಾಗಿ ಈಚೆಗೆ ದಾಟುತ್ತಿದ್ದಾಗಲೇ ನೀರು ಬಂದಿತ್ತು. ಮುಂದಿದ್ದವರು ಒಬ್ಬರನ್ನೊಬ್ಬರು ಹಿಡಿದು ದಂಡೆ ಮುಟ್ಟಿದ್ದರು. ಹೆಸರಿನ ಗಂಟು ತಲೆಯ ಮೇಲಿಟ್ಟುಕೊಂಡು ಎಲ್ಲರ ಹಿಂದೆ ಬರುತ್ತಿದ್ದ ಮರಿಯವ್ವ ಕಾಣಲಿಲ್ಲ. ನೀರಿಗೆ ಹಾರಲು ಹೋದ ದ್ಯಾವಪ್ಪನನ್ನು ನಾಲ್ಕು ಜನ ಕೆಡವಿ ಹಿಡಿದಿದ್ದರು. ಮಾರನೆಯ ದಿನ ನೀರು ಇಳಿದ ಮೇಲೆ ಕೆಳಗಿನ ಜಾಲಿಯ ಪೊದೆಯಲ್ಲಿ ಅವಳು ಸಿಕ್ಕಳು.

ಆ ಸಂಜೆ ಮನೆಗೆ ಮರಳಿದಾಗ, ಆರಿದ ಡಬ್ಬಿಯನ್ನೂ ನೆಲದ ಮೇಲೆ ಬಿದ್ದ ಪ್ಲಗ್ಗನ್ನೂ ಸುವರ್ಣಾ ನೋಡಿದಳು. ಯಾರೂ ಹೇಳಿಕೊಡದೆಯೇ ಅವಳಿಗೆ ಎಲ್ಲ ತಿಳಿಯಿತು. ಪ್ಲಗ್ಗು ಹಾಕಿದಳು. ಹಸಿರು ದೀಪ ಹತ್ತಿತು. ಗಂಡ ಬಂದ ಕೂಡಲೇ ಅವನಿಗೆ ಹೇಳಿದಳು. ಅಮರೇಶ ಎದ್ದು ಹೋಗಿ ಆ ಡಬ್ಬಿಯನ್ನು ನೋಡಿದ. ಆಶಿಕನ ಮಾತು ಆಗ ಅವನಿಗೆ ನೆನಪಾಗಿರಬೇಕು.

"ಹೋದ ಜೀವ ಬರೂದಿಲ್ಲ. ನೀ ಬಾಯಿ ಬಿಟ್ರ ನಾವು ಈ ಊರಾಗ ಬಾಳೇವು ಮಾಡೂದು ಹ್ಯಾಂಗ?" ಎಂದ.

ಊರು ಸುಮ್ಮನಿರಲಿಲ್ಲ. ಜಾಗಟೆ ಯಾಕೆ ಬಡಿಯಲಿಲ್ಲ ಎಂದು ಕೇಳಿದರು. ಫೋನು ಬರಲಿಲ್ಲ ಎಂದು ಅಮರೇಶ ಹೇಳಿದ. ಅದು ಸುಳ್ಳಲ್ಲ, ಸುಳ್ಳಿಗಿಂತ ಕೆಟ್ಟದ್ದು. ಫೋನು ಬರಲಿಲ್ಲವೆಂದರೆ ಕಾಶೀಂಸಾಬ ಹಚ್ಚಲಿಲ್ಲ ಎಂದಾಯಿತು. ಮುದುಕ ಗಿರಣಿಯಲ್ಲಿ ನಿದ್ದೆ ಹೊಡೆದ ಎಂದರು ಕೆಲವರು. ಗೆಳೆಯ ಹೋದ ಮೇಲೆ ಅವನಿಗೇನು ನಮ್ಮ ಹಂಗು ಎಂದರು ಇನ್ನು ಕೆಲವರು. ಅಂಥ ಮಾತಿಗೆ ಮೇವು ಹಾಕುವವರಿಗೆ ಯಾವ ಊರಲ್ಲೂ ಬರಗಾಲವಿಲ್ಲ. ಇಪ್ಪತ್ತೈದು ವರ್ಷ ಆ ಮನುಷ್ಯ ಕಟ್ಟೆ ನೋಡುತ್ತ ಕೂತು ಎಷ್ಟು ಜನರನ್ನು ಈಚೆ ದಂಡೆಗೆ ತಂದಿದ್ದ ಎಂಬುದು ಒಂದೇ ದಿನದಲ್ಲಿ ಮರೆತುಹೋಯಿತು.

ಮರಿಯವ್ವನ ದಿನಕರ್ಮ ಮುಗಿದ ಮೇಲೆ ಕಾಶೀಂಸಾಬ ತಾನೇ ಬಂದ. ಅಮರೇಶನ ಪಡಸಾಲೆಯಲ್ಲಿ ಹಿರಿಯರು ಸೇರಿದ್ದರು. ಊರಿನ ಹಿರಿಯ ಪರಶಪ್ಪ ಕಂಬಕ್ಕೆ ಒರಗಿದ್ದ. ದ್ಯಾವಪ್ಪ ಬಾಗಿಲ ಹತ್ತಿರ, ಕೂಲಿಯವರು ಕೂರುವ ಜಾಗದಲ್ಲಿ, ತಲೆ ತಗ್ಗಿಸಿ ಕೂತಿದ್ದ. ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಕಟ್ಟೆ ಮುಳುಗಿದ್ದನ್ನು ನೋಡಿದೆ, ಹಚ್ಚಿದೆ, ಮೂರು ಸಲ ರಿಂಗ್ ಕೇಳಿಸಿಕೊಂಡು ಇಟ್ಟೆ ಎಂದು ಮುದುಕ ಹೇಳಿದ. ಪರಶಪ್ಪ, ಫೋನು ಕೆಟ್ಟಿದೆಯೋ ಇಲ್ಲವೋ ನೋಡಿಬಿಡೋಣ ಎಂದ. ಅಮರೇಶ ತನ್ನ ಮೊಬೈಲು ಹಿಡಿದು ಅಂಗಳಕ್ಕೆ ಹೋಗಿ ಹಚ್ಚಿದ. ಸ್ಟೂಲಿನ ಮೇಲಿನ ಕೆಂಪು ಫೋನು ಊರಿಗೆಲ್ಲ ಕೇಳುವ ಹಾಗೆ ಬಡಿದುಕೊಂಡಿತು. ಎಲ್ಲರೂ ಕಾಶೀಂಸಾಬನ ಮುಖ ನೋಡಿದರು.

ಮುದುಕ ಆ ಫೋನನ್ನೇ ನೋಡುತ್ತ ನಿಂತ. ಆಮೇಲೆ ಅವನ ದನಿ ಸಣ್ಣದಾಯಿತು.

"ನನ್ನ ಕಿವೀನ ನನಗ ಮೋಸ ಮಾಡಿರಬೇಕು. ವಯಸ್ಸಾತು. ದ್ಯಾವಪ್ಪಾ, ತಪ್ಪು ನಂದ ಅಂತ ತಿಳಕೋಪಾ," ಎಂದು ಬಾಗಿಲ ಕಡೆ ನಡೆದು, ಕೂಲಿಯವನ ಕಾಲ ಹತ್ತಿರ ಮೊಣಕಾಲೂರಿ ಕೂತ.

ಸುವರ್ಣಾಳಿಗೆ ಅದನ್ನು ನೋಡಲಾಗಲಿಲ್ಲ. ಹೆದರಿಕೆ ಅವಳಿಗೆ ಆಗಲೂ ಇತ್ತು. ಆದರೆ ಆ ಬಿಳಿ ಗಡ್ಡದ ಮನುಷ್ಯ ತನ್ನ ಕಿವಿಯನ್ನೇ ಸುಳ್ಳು ಮಾಡಿಕೊಂಡು ತಲೆ ಬಾಗಿಸಿದ್ದನ್ನು ನುಂಗಿಕೊಂಡು ಇನ್ನೊಂದು ದಿನ ಈ ಮನೆಯಲ್ಲಿ ರೊಟ್ಟಿ ಬಡಿಯುವುದು ತನ್ನಿಂದಾಗದು ಎನಿಸಿತು. ಗಂಡಸರ ನಡುವೆ ಹಾಯ್ದು ಟಿವಿಯ ಹತ್ತಿರ ಹೋಗಿ ಡಬ್ಬಿಯ ಪ್ಲಗ್ಗು ಕಿತ್ತಳು.

"ಕಾಕಾ, ಏಳ್ರಿ. ನಿಮ್ಮ ಕಿವಿ ಚಲೋ ಐತಿ," ಎಂದಳು. ಅಂಗಳದಿಂದ ಒಳಗೆ ಬಂದ ಗಂಡನ ಕಡೆ ತಿರುಗಿ, "ಈಗ ಹಚ್ಚರಿ. ಎಲ್ಲಾರಿಗೂ ಕೇಳೂ ಹಂಗ ಹಚ್ಚರಿ," ಎಂದಳು.

ಅಮರೇಶ ಕದಲಲಿಲ್ಲ. ಅವಳೇ ಅವನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅಂಗಳದ ಮೆಟ್ಟಿಲಿಗೆ ಹೋಗಿ ಮನೆಯ ನಂಬರು ಒತ್ತಿ, ಸ್ಪೀಕರ್ ಹಚ್ಚಿ ಎತ್ತಿ ಹಿಡಿದಳು.

ಮೊಬೈಲಿನಲ್ಲಿ ರಿಂಗ್ ಕೇಳಿತು. ಸ್ಟೂಲಿನ ಮೇಲಿನ ಕೆಂಪು ಫೋನು ಸುಮ್ಮನೆ ಕೂತಿತ್ತು. ಮತ್ತೊಂದು ರಿಂಗ್ ಕೇಳಿತು. ಪರಶಪ್ಪ ಎದ್ದು ಹೋಗಿ ಫೋನನ್ನು ಎತ್ತಿ ಕಿವಿಗೆ ಹಿಡಿದು, ಕೆಳಗಿಟ್ಟ. ಹಚ್ಚಿದವರಿಗೆ ಕೇಳುವ ರಿಂಗು ಈ ಮನೆಯದಲ್ಲ, ನಡುವೆ ಎಲ್ಲೋ ಇರುವ ಯಂತ್ರದ್ದು ಎಂಬುದು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಆವತ್ತ ಗುಡುಗಿತಂತ ನಾನ ಕಿತ್ತಿಟ್ಟೆ," ಎಂದಳು ಸುವರ್ಣಾ. "ದ್ಯಾವಪ್ಪಾ, ಮರಿಯವ್ವನ್ನ ಕಳದಾಕಿ ನಾನು."

ಮೂರನೆಯ ರಿಂಗ್ ಕೇಳಿತು. ಅವಳು ಬಂದ್ ಮಾಡಿದಳು.

ಕಾಶೀಂಸಾಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ದ್ಯಾವಪ್ಪ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಒಳಕೋಣೆಯಿಂದ ಸಿದ್ದವ್ವನ ದನಿ ಬಂತು. ಹಾಸಿಗೆಯ ಮೇಲೆ ಎದ್ದು ಕೂತಿರಬೇಕು, ಬಳೆಯ ಸದ್ದಾಯಿತು.

"ಸುವರ್ಣಾ, ಮೂರು ಸಲ ಬಡಕೊಂಡು ನಿಂತಿತು. ಎಲ್ಲಿ ಹೋದಿ? ಲಗೂ ಜಾಗಟಿ ಬಡಿ, ನಮ್ಮ ಮಂದಿ ಆಚಿ ಅದಾರ."

ದ್ಯಾವಪ್ಪ ದಡಬಡಿಸಿ ಎದ್ದ. ಜಾಗಟೆ ಕೇಳಿದಾಗಲೆಲ್ಲ ಮರಿಯವ್ವನನ್ನು ಕರೆತರಲು ಇಷ್ಟು ವರ್ಷ ಎದ್ದ ಹಾಗೆಯೇ ಎದ್ದು, ಹೊಸ್ತಿಲು ದಾಟಿ, ಹಳ್ಳದ ಕಡೆ ನಾಲ್ಕು ಹೆಜ್ಜೆ ಓಡಿ, ಅಂಗಳದ ನಡುವೆ ನಿಂತುಬಿಟ್ಟ.