ದುರಿಯನ್ ಹೊರಗೆ, ಹೆಸರು ಒಳಗೆ

ಮಲಯ್ ಮಾತಿನಲ್ಲಿ ಮುಳ್ಳಿಗೆ ದುರಿ ಎನ್ನುತ್ತಾರೆ. ಮುಳ್ಳಿರುವ ಹಣ್ಣು ದುರಿಯನ್. ಇಷ್ಟನ್ನು ಹೇಳುವುದಕ್ಕೆ ಇಪೋ ಪಟ್ಟಣದ ದೊಡ್ಡ ಹೋಟೆಲಿನಲ್ಲಿ ಸಭೆ ಸೇರಿಸುತ್ತಾರೆಂದರೆ ದೇರಿಸಜ್ಜನಿಗೆ ನಂಬಿಕೆಯೇ ಬರಲಿಲ್ಲ. ಆದರೆ ಕರೆದವಳು ಅಗೋತಾ. ಹಂಗೆರಿ ದೇಶದ ಈ ಪಂಡಿತೆ ಹರೆಯದಲ್ಲಿ ಅವನ ಮನೆಯಲ್ಲೇ ಉಳಿದು, ಅವನ ಹೆಂಡತಿ ಸಪಿಯಾಳ ಬೆನ್ನು ಬಿದ್ದು ಮಲಯ್ ಕಲಿತವಳು. ಹಣ್ಣಿನ ಈ ಹೆಸರು ಎಷ್ಟು ಭಾಷೆಗಳಿಗೆ ಹೋಗಿ ಮನೆ ಮಾಡಿಕೊಂಡಿದೆ ಎಂದು ಭಾಷಣ ಮಾಡಲು ಈಗ ಬಂದಿದ್ದಳು. ಮಾರನೆಯ ದಿನವೇ ವಾಪಸು ಹೊರಡುವವಳು.

ಸಪಿಯಾ ಹೋದ ವರ್ಷ ತೀರಿಕೊಂಡಿದ್ದಳು. ಹೋಗುವ ಮುಂಚೆ ಗಂಡನಿಂದ ಮಾತು ತೆಗೆದುಕೊಂಡಿದ್ದಳು: "ಆ ಹುಡುಗಿ ಇನ್ನೊಂದ್ಸಲ ಬಂದ್ರೆ ನನ್ನ ಮರದ ಹಣ್ಣೇ ಕೊಡ್ಬೇಕು. ಸಂತೇಲಿ ತಂದು ಕೊಟ್ಟು ಮಾನ ಕಳೀಬೇಡಿ."

ದುರಿಯನ್ನನ್ನು ಮರ ಹತ್ತಿ ಕೀಳುವಂತಿಲ್ಲ. ಅದು ತಾನೇ ಮನಸ್ಸು ಮಾಡಿ ಬೀಳಬೇಕು. ಅಜ್ಜ ಮರದ ಹತ್ತಿರದ ಗುಡಿಸಲಿನಲ್ಲಿ ಕಾದು ಕೂತ. ಮರ ಥೇಟ್ ಸಪಿಯಾಳ ಹಾಗೆ ಸತಾಯಿಸಿತು. ಕೊನೆಗೆ ಸಭೆಯ ದಿನ ಬೆಳಿಗ್ಗೆ ಒಂದೇ ಒಂದು ಹಣ್ಣು ಧೊಪ್ಪೆಂದು ಬಿತ್ತು. ಅದನ್ನು ಸಪಿಯಾಳ ಶಾಲಿನಲ್ಲಿ ಸುತ್ತಿ, ತರಕಾರಿ ಲಾರಿ ಹತ್ತಿ ಹೊರಟೇಬಿಟ್ಟ.

ಹೋಟೆಲಿನ ಬಾಗಿಲಲ್ಲಿ ನೇಪಾಳದ ಕಾವಲುಗಾರ ಟೇಕ್ ಬಹಾದುರ್ ಅಡ್ಡ ನಿಂತ.

"ಅಜ್ಜಾ, ಗಂಟಲ್ಲಿ ದುರಿಯನ್ ಇದೆ."

"ಬಿಚ್ಚಿಲ್ಲ, ತೋರಿಸಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತು?"

"ನೀವು ಆ ತಿರುವಲ್ಲಿ ಬರೋವಾಗ್ಲೇ ನಾತ ಹೊಡೀತು."

ಅಜ್ಜ ಗಂಟನ್ನು ಮೂಸಿದ. ಆ ಮರಗಳ ನಡುವೆಯೇ ಹುಟ್ಟಿ ಬೆಳೆದ ಮೂಗು ಅದು. ಶಾಲಿನ ನುಸಿಗುಳಿಗೆ ವಾಸನೆ ಬಿಟ್ಟು ಇನ್ನೇನೂ ಸಿಗಲಿಲ್ಲ. ಟೇಕ್ ಬಹಾದುರ್ ಬಾಗಿಲ ಮೇಲಿನ ಚಿತ್ರ ತೋರಿಸಿದ. ದುರಿಯನ್ ಹಣ್ಣು, ಅದರ ಮೇಲೆ ಅಡ್ಡಡ್ಡ ಕೆಂಪು ಗೆರೆ.

"ಚಿತ್ರ ಚೆನ್ನಾಗಿ ಬರೆದಿದೀರಿ," ಎಂದ ಅಜ್ಜ. "ಗೀಟು ಎಳೆದು ಹಾಳು ಮಾಡಿದ ಪುಣ್ಯಾತ್ಮ ಯಾರು?"

ನೆಲ ಒರೆಸುತ್ತಿದ್ದ ಅಂಜಲೈ ತಮಿಳಿನಲ್ಲಿ "ದುರಿಯನ್, ದುರಿಯನ್" ಎಂದು ಮೂಗು ಮುಚ್ಚಿಕೊಂಡಳು. ಮ್ಯಾನೇಜರ್ ಕೋಕ್ ಹಿಯಾಂಗ್ ಫೋನಿನಲ್ಲಿ ಅದೇ ಹೆಸರನ್ನು ಚೀನಿ ನಾಲಿಗೆಗೆ ಹೊಂದಿಸಿ ಯಾರಿಗೋ "ಲಿಯುಲಿಯೆನ್" ಎಂದು ದೂರುತ್ತಲೇ ಓಡಿ ಬಂದ. ಒಳಗಿನ ಧ್ವನಿವರ್ಧಕದಲ್ಲಿ ಅಗೋತಾ ಅದೇ ಹೆಸರನ್ನು ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಚಪ್ಪಾಳೆ.

"ನಿಮ್ಮ ಮಾತಲ್ಲಿ ಇದಕ್ಕೆ ಬೇರೆ ಹೆಸರಿಲ್ವೇನಪ್ಪಾ?" ಅಜ್ಜ ಕೇಳಿದ.

"ಯಾಕೆ ಬೇಕು? ನಿಮ್ಮದೇ ಇದೆಯಲ್ಲ," ಎಂದ ಕೋಕ್ ಹಿಯಾಂಗ್. "ನೀವು ಒಳಗೆ ಬನ್ನಿ, ವೇದಿಕೆ ಮೇಲೆ ಕುರ್ಚಿ ಹಾಕಿದೀವಿ. ಗಂಟು ಮಾತ್ರ ಬೇಡ."

"ಹೆಸರನ್ನ ಕರೆದು ಮಣೆ ಹಾಕ್ತೀರಿ, ಹಣ್ಣನ್ನ ಬೀದೀಲಿ ನಿಲ್ಲಿಸ್ತೀರಿ. ಯಾವ ಸೀಮೆ ಮರ್ಯಾದೆ ಇದು? ಗಂಟು ಬಿಟ್ಟು ನಾನು ಬರಲ್ಲ."

ಅಜ್ಜ ಹೋಗಿ ಕಾರು ನಿಲ್ಲಿಸುವ ಜಾಗದಲ್ಲಿ, ಸಭಾಂಗಣದ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಬಿಸಿಲು ಏರುತ್ತಿತ್ತು. ಬಿದ್ದ ದಿನವೇ ತಿನ್ನಬೇಕಾದ ಹಣ್ಣು. ನಾಳೆ ಹುಳಿ ಬರುತ್ತದೆ, ನಾಳೆ ಅವಳೂ ಇರುವುದಿಲ್ಲ. ಸಪಿಯಾಗೆ ಕೊಟ್ಟ ಮಾತು ಉಳಿಯಬೇಕಾದರೆ ಇವತ್ತೇ ಆಗಬೇಕು. ಆಗಿದ್ದಾಗಲಿ ಎಂದು ಸೊಂಟದ ಕತ್ತಿ ತೆಗೆದು ಹಣ್ಣನ್ನು ಸೀಳಿದ.

ಒಳಗೆ ಭಾಷಣ ನಿಂತಿತು. ಗದ್ದಲ, ಕೆಮ್ಮು, ಕುರ್ಚಿ ಎಳೆದಾಡುವ ಸದ್ದು. ಸ್ವಲ್ಪ ಹೊತ್ತಿಗೆ ನರೆತ ಕೂದಲಿನ ಅಗೋತಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದು ಅವನ ಎದುರಿಗೆ ಕುಕ್ಕರಿಸಿದಳು. ಒಂದು ತೊಳೆ ಬಾಯಿಗಿಟ್ಟುಕೊಂಡಳು.

"ಕೊನೇಲಿ ಚೂರು ಕಹಿ," ಎಂದಳು. ಕಣ್ಣು ತುಂಬಿತ್ತು. "ಸಪಿಯಾ ಅಕ್ಕನ ಮರದ್ದೇ."

"ಅವಳದ್ದೇ," ಎಂದ ಅಜ್ಜ.

ಹಿಂದೆಯೇ ಬಂದ ಪಂಡಿತರು ಕಾರುಗಳ ನಡುವೆ ತೊಳೆಗಾಗಿ ಒಬ್ಬರ ಮೈಮೇಲೊಬ್ಬರು ಬಿದ್ದರು. ಟೇಕ್ ಬಹಾದುರ್ ಕಾವಲು ಬಿಟ್ಟು ಬಂದ. ಅಂಜಲೈ ಮೂಗು ಮುಚ್ಚಿಕೊಂಡೇ ತಿಂದಳು. ತಿಂದವರೆಲ್ಲ ಬಟ್ಟಲಿನಂತಿದ್ದ ಖಾಲಿ ಸಿಪ್ಪೆಗೆ ನೀರು ಸುರಿದು ಕೈ ತೊಳೆದರು. ಹಾಗೆ ತೊಳೆದರೇ ವಾಸನೆ ಹೋಗುವುದು.

ಕೋಕ್ ಹಿಯಾಂಗ್ ಬೈಯಲು ಬಂದವನು, ಪಕ್ಕಕ್ಕೆ ಎತ್ತಿಟ್ಟಿದ್ದ ಎಲ್ಲಕ್ಕಿಂತ ದಪ್ಪನೆಯ ತೊಳೆಯನ್ನೇ ನೋಡುತ್ತ ನಿಂತ. "ಅದು ಯಾರಿಗೆ?"

ಅಜ್ಜನೂ ಆಗಲೇ ಅದನ್ನು ಗಮನಿಸಿದ್ದು. ಜೀವಮಾನದ ಅಭ್ಯಾಸ, ಕೈ ತಾನಾಗಿ ಸಪಿಯಾಳ ಪಾಲು ಎತ್ತಿಟ್ಟಿತ್ತು. ತೊಳೆಯನ್ನು ಮ್ಯಾನೇಜರನ ಕೈಗಿಟ್ಟ.

"ತಗೋ, ನಮ್ಮನೆಯವಳ ಪಾಲು. ಅವಳಿದ್ದಿದ್ರೆ ನಿಂಗೆ ಬಾಯಿತುಂಬ ಬೈದು, ಆಮೇಲೆ ಕೊಡ್ತಿದ್ಲು. ಬಾಗಿಲಲ್ಲೇ ನಾನು ಬೈದಿದ್ದು ಆಯ್ತು, ಈಗ ತಿನ್ನು."