ತೊಂಬತ್ತೆಂಟರ ಒಳಗೆ

"ಸೂಜಿ ಇತ್ಲಾಗ್ ಕೊಡ್, ಚಂದನಾ. ನನ್ ಬಾಯಲ್ಲಿ ಕೆಟ್ಟ ಮಾತ್ ಬರ್ಸ್ಬೇಡ."

"ಬರ್ಲಿ. ಬೆಳಿಗ್ಗೆಯಿಂದ ನಿಮ್ ಬಾಯಲ್ಲಿ ಬಪ್ಪುದ್ ಬರೀ ಹಳ್ದಿ ನೀರ್. ಅದ್ಕಿಂತ ಬೈಗ್ಳ ಅಡ್ಡಿಲ್ಲ."

ರತನ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಒರಗದೆ ನಿಲ್ಲುವ ಶಕ್ತಿ ಅವನಲ್ಲಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ಹಿಡಿದಿತ್ತು. ಹೆಂಡತಿ ಚಂದನಾ ಇಂಜೆಕ್ಷನ್ ಪೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

ಅವನು ಹಡಗಿನ ಅಡುಗೆಯವನು. ಹನ್ನೊಂದು ವರ್ಷ ಸರಕು ಹಡಗುಗಳಲ್ಲಿ ಇಪ್ಪತ್ತು ಮಂದಿಗೆ ಬೇಯಿಸಿ ಹಾಕಿದವನು. ಸೋಮವಾರ ಮುಂಬಯಿಯಲ್ಲಿ ಕಂಪನಿಯ ಮೆಡಿಕಲ್ ತಪಾಸಣೆ ಇತ್ತು. ಅವನ ಎತ್ತರಕ್ಕೆ ತೊಂಬತ್ತೆಂಟು ಕೆ.ಜಿ. ದಾಟುವಂತಿಲ್ಲ. ಹಿಂದಿನ ಎರಡು ಸಲವೂ ದಾಟಿತ್ತು. ಈ ಸಲವೂ ದಾಟಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದು ಏಜೆಂಟ್ ಮುಖಕ್ಕೇ ಹೇಳಿದ್ದ. ನಿನ್ನೆ ತೂಗಿದಾಗ ನೂರು ತೋರಿಸಿತ್ತು.

ತೂಕ ಇಳಿಸಲು ಕುಂದಾಪುರದ ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟ ಔಷಧಿಯೇ ಅದು. ವಾರಕ್ಕೊಂದು ಸಲ ಚುಚ್ಚಿಕೊಳ್ಳಿ, ಮೊದಲು ಚಿಕ್ಕ ಡೋಸು, ತಿಂಗಳಾದ ಮೇಲೆ ಬನ್ನಿ, ಹೆಚ್ಚಿಸುವುದಾದರೆ ನಾನು ಹೆಚ್ಚಿಸುತ್ತೇನೆ ಎಂದಿದ್ದರು. ಫ್ರಿಜ್ಜಿನಲ್ಲಿಡಿ ಎಂದೂ ಹೇಳಿದ್ದರು. ಮನೆಗೆ ತಂದ ದಿನವೇ ರತನನ ಅಪ್ಪ ಸೂರ ಆ ಪೆನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೀನಿಡುವ ಡೀಪ್ ಫ್ರೀಜರಿನಲ್ಲಿ ಬಂಗುಡೆಗಳ ಕೆಳಗೆ ಹುಗಿದಿಟ್ಟ. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ದುಡಿದವನಿಗೆ, ಯಾವುದೇ ವಸ್ತು ತಣ್ಣಗಿದ್ದಷ್ಟೂ ಒಳ್ಳೆಯದು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಶುಕ್ರವಾರ ಬಂತೆಂದರೆ ತಾನೇ ಅದನ್ನು ಹೊರಗೆ ತೆಗೆದು, ಅಂಗೈಯಲ್ಲಿ ಹಿಡಿದು ಕರಗಿಸಿ ಮಗನಿಗೆ ಕೊಡುತ್ತಿದ್ದ.

ನಾಲ್ಕು ವಾರ ಕಳೆದರೂ ಹಸಿವು ಒಂದು ತುತ್ತಿನಷ್ಟೂ ಇಳಿಯಲಿಲ್ಲ. ರತನ್ ಡಾಕ್ಟರ ಹತ್ತಿರ ಹೋಗಲಿಲ್ಲ. ಶಕ್ತಿ ಸಾಲದು ಎಂದು ತಾನೇ ತೀರ್ಮಾನಿಸಿ, ಪರಿಚಯದ ಅಂಗಡಿಯಿಂದ ಎಲ್ಲಕ್ಕಿಂತ ದೊಡ್ಡ ಡೋಸಿನ ಪೆನ್ನು ತಂದ. ಅದನ್ನು ಚಂದನಾ ಫ್ರಿಜ್ಜಿನ ಬಾಗಿಲಲ್ಲಿಟ್ಟಳು. ಎರಡು ಸಲ ಚುಚ್ಚಿಕೊಂಡಾಗಿತ್ತು; ಇವತ್ತು ಮೂರನೆಯ ಶುಕ್ರವಾರ. ಆರು ಕೆ.ಜಿ. ಇಳಿಯಿತು. ಈಗ ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮೊನ್ನೆ ಪಕ್ಕದ ಮನೆಗೆ ಹೋಗಿ, ಮೀನು ಹುರಿಯುವಾಗ ಕಿಟಕಿ ಮುಚ್ಚಿಕೊಳ್ಳಿ ಎಂದು ಜಗಳ ಮಾಡಿ ಬಂದಿದ್ದ.

"ಡಾಕ್ಟ್ರಿಗ್ ಫೋನ್ ಮಾಡಿದೆ," ಎಂದಳು ಚಂದನಾ. "ಒಂದ್ಸಲ ಐಸಾಯಿ ಗಡ್ಡಿ ಕಟ್ರೆ ಅದ್ ಔಷ್ದಿಯೇ ಅಲ್ಲ, ಬಿಸಾಡ್ಕಿತ್ ಅಂದ್ರ್. ನಾಲ್ಕ್ ವಾರ ನೀವ್ ಚುಚ್ಚಿದ್ ಬರೀ ನೀರ್. ಅದ್ರ್ ಮೇಲೆ ಒಂದೇ ಸಲ ಇಷ್ಟ್ ದೊಡ್ಡ ಡೋಸ್. ನೋವ್ ಹೊಟ್ಟಿಯಿಂದ ಬೆನ್ನಿಗ್ ಹೋತಿತ್ತ್ ಅಂದ್ಕೂಡ್ಲೆ, ಸೂಜಿ ನಿಲ್ಸಿ, ಈಗ್ಲೇ ಕರ್ಕಂಡ್ ಬನ್ನಿ ಅಂದ್ರ್."

ಜಗಲಿಯಲ್ಲಿ ಕೂತಿದ್ದ ಸೂರ ಎದ್ದು ಒಳಗೆ ಬಂದ. "ಫ್ರೀಜರಲ್ಲಿಟ್ರೆ ಹಾಳಾತ್ತಾ?" ಅವನು ಸೊಸೆಯ ಮುಖ ನೋಡಿದ. "ನಂಗ್ ಯಾರೂ ಹೇಳಿಲ್ಲೆ," ಎಂದ.

"ಆಸ್ಪತ್ರಿಗ್ ಹೋದ್ರೆ ಅಡ್ಮಿಟ್ ಮಾಡ್ತ್ರ್. ಸೋಮ್ವಾರ ನನ್ ಬದ್ಲಿಗ್ ನಿನ್ನಪ್ಪ ಹೋಯಿ ತಕ್ಕಡಿ ಹತ್ತೂದಾ?" ಎಂದ ರತನ್ ಹೆಂಡತಿಗೆ.

"ನನ್ನಪ್ಪ ಹತ್ರೆ ಪಾಸಾತ್ರ್. ಮೈಯಲ್ಲಿಪ್ಪುದ್ ಬರೀ ಎಲುಬ್. ನಿಮ್ಗ್ ಜೀವ ಬ್ಯಾಡ್ದಾ?"

"ಜೀವ ಇಟ್ಕಂಡ್ ಎಂತ ಮಾಡುದ್? ಎದ್ರಿಗ್ ಸಮುದ್ರ, ಹಿಂದ್ ಹೊಳಿ, ನಡುವಲ್ಲಿ ಕೂಕಂಡ್ ಹೈವೇಲ್ ಹೋಪ್ ಲಾರಿ ಎಣಿಸ್ಕಾ? ಒಂದ್ ವರ್ಷ ಎಣಿಸ್ದೆ. ಸಾಕ್."

ಚಂದನಾ ಪೆನ್ನನ್ನು ಹೊಸ್ತಿಲ ಮೇಲಿಟ್ಟು ಕತ್ತಿಯ ಹಿಂಬದಿಯಿಂದ ಜಜ್ಜಿದಳು. ಒಂದೇ ಪೆಟ್ಟಿಗೆ ಪುಡಿಯಾಯಿತು. ಅವನು ಕೂಗಾಡುತ್ತಾನೆ, ಕೈ ಎತ್ತುತ್ತಾನೆ ಎಂದುಕೊಂಡಿದ್ದಳು.

"ಮುಂಬಯ್ಯಲ್ ಮೆಡಿಕಲ್ ಅಂಗ್ಡಿ ಇಲ್ಯಾ?" ಎಂದ ರತನ್, ತಗ್ಗಿದ ದನಿಯಲ್ಲಿ.

ಆ ತಗ್ಗಿದ ದನಿಗೆ ಅವಳಿಗೆ ಹೆದರಿಕೆಯಾಯಿತು. "ಮಾವ, ಇವ್ರನ್ನ ಹೊರ್ಗ್ ಬಿಡ್ಬೇಡಿ. ಕುಷ್ಟನ್ ಆಟೊ ಕರ್ಕಂಡ್ ಬತ್ತೆ," ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ರತನ್ ಕೋಣೆಗೆ ಹೋಗಿ, ಮುಂಬಯಿಗೆಂದು ತುಂಬಿಟ್ಟಿದ್ದ ಚೀಲ ಎತ್ತಿಕೊಂಡು ಬಂದ. ಸೂರ ಮುಂಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದ.

"ದಾರಿ ಬಿಡ್, ಅಪ್ಪಯ್ಯ."

"ಬಿಡೂದಿಲ್ಲೆ. ನನ್ ಮೇಲೆ ಕಾಲಿಟ್ಕಂಡ್ ಹೋಗ್."

"ನೀ ಮಾಡಿದ್ದ್ ಸಾಕಾಯ್ಲಿಲ್ಯಾ?"

ಸೂರನ ಕೈಗಳು ಚೌಕಟ್ಟಿನಿಂದ ಜಾರಿದವು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ರತನ್ ಮೆಟ್ಟಿಲಿಳಿದು, ತೆಂಗಿನ ಬುಡದಲ್ಲಿ ಬಗ್ಗಿ ವಾಂತಿ ಮಾಡಿ, ತೋಳಿನಿಂದ ಬಾಯಿ ಒರೆಸಿಕೊಂಡು ಹೆದ್ದಾರಿಯ ಕಡೆಗೆ ನಡೆದ. ಹಿಂದೆ ತಿರುಗಿ ನೋಡಲಿಲ್ಲ.

ಆಟೊ ಬಂದಾಗ ಸೂರ ಅಲ್ಲೇ, ಬಾಗಿಲ ಪಕ್ಕದಲ್ಲೇ ಇದ್ದ.

"ಎಲ್ಲಿ?" ಎಂದಳು ಚಂದನಾ.

"ಬಸ್ಸ್ ನಿಂತ್ ಹೋದ್ ಸದ್ದ್ ಕೇಂತ್. ಎತ್ಲಾಗ್ ಹೋಪ್ ಬಸ್ಸ್ ಅಂತ ನಾ ಕಾಣ್ಲಿಲ್ಲೆ."

ಅವಳು ಫೋನ್ ಮಾಡಿದಳು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದಳು. ಮುಂಬಯಿ ರೈಲು ಬಡಗಿನ ಬೈಂದೂರಿನಲ್ಲೂ ನಿಲ್ಲುತ್ತದೆ, ತೆಂಕಿನ ಕುಂದಾಪುರದಲ್ಲೂ ನಿಲ್ಲುತ್ತದೆ.

"ಬಡಗಾ, ತೆಂಕಾ? ಎತ್ಲಾಗ್ ತಿರ್ಗಿಸ್ಕ್, ಅಕ್ಕ?" ಎಂದ ಆಟೊ ಓಡಿಸುವ ಕುಷ್ಟ.

ರೋಗಿ ಒರಗಿಕೊಳ್ಳಲಿ ಎಂದು ಅವನು ಹಿಂದಿನ ಸೀಟಿನಲ್ಲಿ ತನ್ನ ಮನೆಯ ದಿಂಬೊಂದನ್ನು ತಂದಿಟ್ಟಿದ್ದ. ಕಸೂತಿ ಹಾಕಿದ, ಒಗೆದು ತೊಡಿಸಿದ್ದ ಗವಸು. ಚಂದನಾ ಆಟೊ ಹತ್ತಿ ದಿಂಬನ್ನು ಮಡಿಲಿಗೆ ಎತ್ತಿಕೊಂಡು ಕೂತಳು. ಎಂಜಿನ್ ಗುರುಗುಟ್ಟುತ್ತಲೇ ಇತ್ತು.